ಬಿಸಿಲು ಕಾಯಿಸಿಕೊಂಡ ಕಲ್ಲುಗಳು

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದಾಗ ಅವನ ಇಬ್ಬರು ಸಹಾಯಕರು ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕರು. ಶಾಲೆಯ ಪಾಠದಲ್ಲಿ ಸ್ಟೀವನ್‌ಸನ್, ಈಲಿಯಟ್ ಎಂದು ಜೋಡಿಯಾಗಿಯೇ ಬರುವ ಹೆಸರುಗಳು ಅವು. ಪಾಠ ಮುಂದೆ ಹೋಗುತ್ತದೆ, ಇವರಿಬ್ಬರನ್ನು ಕಿತ್ತೂರಿನಲ್ಲೇ ಬಿಟ್ಟುಬಿಡುತ್ತದೆ. ಆಗ 21 ವರ್ಷದವನಾಗಿದ್ದ ವಾಲ್ಟರ್ ಈಲಿಯಟ್‌ನ ನಿಜವಾದ ಕಥೆ ಶುರುವಾಗುವುದೇ ಬಿಡುಗಡೆಯ ನಂತರ. ಧಾರವಾಡ ಸೀಮೆಯಲ್ಲೇ ವರ್ಷಗಟ್ಟಲೆ ಉಳಿದು, ಗುಡಿ ಗುಂಡಾರಗಳ ಶಾಸನಗಳನ್ನು ಹುಡುಕಿಸಿ ಪ್ರತಿ ಬರೆಸಿಕೊಂಡ. ಆ ಪ್ರತಿಗಳ ಲೆಕ್ಕ 595ಕ್ಕೆ ಮುಟ್ಟಿತು. ಕಲ್ಲಿನ ಹುಚ್ಚು ಹಿಡಿದದ್ದು ಕನ್ನಡದ ನೆಲದಲ್ಲಿ. ಅದು ಅವನನ್ನು ಕೈಹಿಡಿದು ಕರೆದೊಯ್ದದ್ದು ಕೃಷ್ಣಾ ನದಿಯ ದಂಡೆಯ ಊರೊಂದಕ್ಕೆ.

ಆ ಊರು ಅಮರಾವತಿ. 1845ರಲ್ಲಿ ಈಲಿಯಟ್ ಗುಂಟೂರಿನಲ್ಲಿ ಅಧಿಕಾರಿ. ಊರಿನವರು ದೀಪಾಲದಿನ್ನೆ ಎಂದು ಕರೆಯುತ್ತಿದ್ದ ಮಣ್ಣಿನ ಗುಡ್ಡೆಯೊಂದನ್ನು ಅವನು ಅಗೆಸಿದ. ಹೆಸರನ್ನು ಕನ್ನಡಕ್ಕೆ ತರಬೇಕೆಂದರೆ ಹೆಚ್ಚು ಕಷ್ಟವಿಲ್ಲ, ದೀಪಗಳ ದಿಣ್ಣೆ. ಅದರೊಳಗೆ ಇದ್ದದ್ದು ಬೌದ್ಧರ ಮಹಾಸ್ತೂಪದ ಅವಶೇಷ. ಅದಕ್ಕೂ ಅರ್ಧ ಶತಮಾನ ಮೊದಲೇ ಅಲ್ಲಿನ ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಊರು ಕಟ್ಟಿಸಲು ದಿಣ್ಣೆಯ ಕಲ್ಲು ಕೀಳಿಸಿದ್ದ. ಕೆತ್ತನೆಯ ಫಲಕಗಳು ಕೆರೆಯ ಮೆಟ್ಟಿಲಾದವು, ಕೆಲವು ಸುಣ್ಣದ ಗೂಡಿಗೂ ಹೋದವು. ಮೈಸೂರು ಸೀಮೆಯ ಸರ್ವೆಗೆ ಹೆಸರಾದ ಕಾಲಿನ್ ಮೆಕೆಂಜಿ ಎರಡು ಸಲ ಬಂದು ಉಳಿದವುಗಳ ಚಿತ್ರ ಬರೆಸಿದ್ದ. ಈಲಿಯಟ್ ತಾನು ಅಗೆಸಿದ್ದನ್ನು ಮದ್ರಾಸಿಗೆ ಸಾಗಿಸಿದ.

ಸಾಗಿಸಿದ್ದೇನೋ ಆಯಿತು, ಮುಂದೆ? ಮದ್ರಾಸಿನಲ್ಲಿ ಆ ಕಲ್ಲುಗಳಿಗೊಂದು ಸೂರು ಸಿಗಲಿಲ್ಲ. ಹೆಚ್ಚು ಕಡಿಮೆ 14 ವರ್ಷ ಅವು ಗಾಳಿ ಮಳೆಗೆ ಮೈಯೊಡ್ಡಿಕೊಂಡು ಬಯಲಲ್ಲಿ ಬಿದ್ದಿದ್ದವು. 1851ರಲ್ಲಿ ಸರ್ಕಾರಿ ಮ್ಯೂಸಿಯಂ ಹುಟ್ಟಿತು, ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯ ಅದರ ಉಸ್ತುವಾರಿಗೆ ಬಂದ. ಜನರಿಗೆ ಬೇಕಾದದ್ದು ಖನಿಜ, ಪ್ರಾಣಿ, ಪಕ್ಷಿ. ಈಲಿಯಟ್ ಮಾರ್ಬಲ್ಸ್ ಎಂಬ ದೊಡ್ಡ ಹೆಸರಿದ್ದರೂ ಕಲ್ಲುಗಳನ್ನು ನೋಡುವವರು ಕಡಿಮೆ. ಹೆಸರೂ ತಪ್ಪೇ. ಅದು ಅಮೃತಶಿಲೆಯಲ್ಲ, ಪಲ್ನಾಡಿನ ಕಡೆಯ ತಿಳಿಹಸಿರು ಛಾಯೆಯ ಸುಣ್ಣಕಲ್ಲು.

ಈ ಕಲ್ಲುಗಳನ್ನು ಕೆತ್ತಿದ್ದು ಎಲ್ಲಿ ನಿಲ್ಲಿಸಲೆಂದು ಎನ್ನುವುದನ್ನು ಒಮ್ಮೆ ಯೋಚಿಸಬೇಕು. ಸ್ತೂಪದ ಗರ್ಭದೊಳಗೆ ಯಾರೂ ಹೋಗುವುದಿಲ್ಲ. ನಮ್ಮ ಗುಡಿಗಳ ಹಾಗೆ ಕತ್ತಲಲ್ಲಿ ದೀಪ ಹಿಡಿದು ನೋಡುವ ಮೂರ್ತಿ ಅಲ್ಲಿಲ್ಲ. ಕೆತ್ತನೆಯೆಲ್ಲ ಹೊರಮೈಗೆ. ಸ್ತೂಪದ ದುಂಡನೆಯ ಗೋಡೆಗೆ ಹೊದಿಸಿದ ಫಲಕಗಳು, ಸುತ್ತ ಬಳಸಿದ ಎತ್ತರದ ಕಲ್ಲಿನ ಕಟಕಟೆ, ಅದರ ಒಳಮೈಗೂ ಹೊರಮೈಗೂ ಕಮಲ, ಜಾತಕದ ಕಥೆ, ಹೂಮಾಲೆ ಹೊತ್ತ ಹುಡುಗರು. ಬಂದವರು ಪ್ರದಕ್ಷಿಣೆ ಹಾಕುತ್ತ ಇದನ್ನೆಲ್ಲ ನೋಡಬೇಕು. ಬೆಳಿಗ್ಗೆ ಪೂರ್ವದ ಕಂಬಗಳ ಮೇಲೆ ಓರೆಯಾಗಿ ಬಿದ್ದ ಬಿಸಿಲು ಸಂಜೆಯ ಹೊತ್ತಿಗೆ ಪಶ್ಚಿಮಕ್ಕೆ ದಾಟಿರುತ್ತದೆ. ಭಕ್ತರು ಸುತ್ತುವ ಹಾಗೆ ಬೆಳಕೂ ಸುತ್ತುತ್ತದೆ. ಉಳಿ ಹಿಡಿದವನಿಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ಎಷ್ಟು ಆಳಕ್ಕೆ ಕೊರೆದರೆ ಎಷ್ಟು ನೆರಳು ಬಿದ್ದೀತು ಎಂಬ ಲೆಕ್ಕದ ಮೇಲೆಯೇ ಉಬ್ಬುಶಿಲ್ಪ ನಿಂತಿರುವುದು.

ನೆರಳಿನ ಈ ಲೆಕ್ಕ ಏನೆಂದು ನೋಡಲು ಚೆನ್ನೈ ಮ್ಯೂಸಿಯಂನಲ್ಲಿರುವ ಒಂದು ದುಂಡು ಫಲಕ ಸಾಕು. ನಾಲಾಗಿರಿ ಎಂಬ ಮದ್ದಾನೆಯನ್ನು ಬುದ್ಧ ಪಳಗಿಸಿದ ಕಥೆ. ಎಡಕ್ಕೆ ಆನೆ ಬೀದಿಗೆ ನುಗ್ಗಿದೆ, ಜನ ಒಬ್ಬರ ಮೇಲೊಬ್ಬರು ಬಿದ್ದು ಓಡುತ್ತಿದ್ದಾರೆ. ಮೇಲೆ ಉಪ್ಪರಿಗೆಯ ಕಿಟಕಿಗಳಲ್ಲಿ ಹೆಂಗಸರ ಮುಖ. ಬಲಕ್ಕೆ ಅದೇ ಆನೆ ಮಂಡಿಯೂರಿದೆ. ಒಂದೇ ಚೌಕಟ್ಟಿನಲ್ಲಿ ಗದ್ದಲವೂ ಇದೆ, ಗದ್ದಲ ಅಡಗಿದ ಗಳಿಗೆಯೂ ಇದೆ. ಎದುರಿನಿಂದ ಬೆಳಕು ಬಿಟ್ಟರೆ ಇದೆಲ್ಲ ಅಕ್ಕಿಹಿಟ್ಟು ಬಳಿದ ಹಾಗೆ ಚಪ್ಪಟೆಯಾಗಿಬಿಡುತ್ತದೆ, ಯಾರ ಕೈ ಯಾರದೆಂದು ತಿಳಿಯದು. ಬೆಳಕು ಪಕ್ಕದಿಂದ ಬಂತೋ, ಆನೆಯ ಬೆನ್ನು ಉಬ್ಬುತ್ತದೆ, ಓಡುವವರ ಕಾಲುಗಳ ನಡುವೆ ಕತ್ತಲೆ ತುಂಬಿಕೊಳ್ಳುತ್ತದೆ, ಕಿಟಕಿಯೊಳಗಿನ ಮುಖಗಳು ಹೊರಗೆ ಇಣುಕುತ್ತವೆ.

ಕ್ಯಾಮೆರಾ ಹುಟ್ಟಿದಾಗ ಅದಕ್ಕೆ ಮೊದಲು ಒಲಿದವರಲ್ಲಿ ಕಲ್ಲಿನ, ಗಾರೆಯ ಮನುಷ್ಯರೂ ಸೇರಿದ್ದರು ಎನ್ನುವುದು ತಮಾಷೆಯಾಗಿ ಕಂಡರೂ ನಿಜ. ಕಾರಣ ಸರಳ, ಅವರು ಅಲುಗಾಡುವುದಿಲ್ಲ. 1839ರಲ್ಲಿ ಪ್ಯಾರಿಸಿನ ಹಿಪೊಲಿಟ್ ಬಯಾರ್ ಗಾರೆಯ ಬೊಂಬೆಗಳನ್ನು ಸಾಲಾಗಿ ಜೋಡಿಸಿ ಚಿತ್ರ ತೆಗೆದ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಪ್ಯಾಟ್ರೋಕ್ಲಸ್ ಎಂಬ ಗ್ರೀಕ್ ವೀರನ ಗಾರೆಯ ತಲೆಯೊಂದನ್ನು ಮತ್ತೆ ಮತ್ತೆ ಬೆಳಕಿಗೆ ತಿರುಗಿಸಿ ತಿರುಗಿಸಿ ತೆಗೆದ. 1844ರಿಂದ ಕಂತುಗಳಲ್ಲಿ ಬಂದ ಅವನ ಪುಸ್ತಕದಲ್ಲಿ ಆ ತಲೆ ಎರಡು ಕಡೆ ಬರುತ್ತದೆ. ಜತೆಗೆ ಒಂದು ಸಲಹೆಯೂ ಇದೆ. ಮೂರ್ತಿಯ ಚಿತ್ರ ತೆಗೆಯಲು ಉರಿಬಿಸಿಲಿಗಿಂತ ಮೋಡದ ದಿನ ವಾಸಿ, ಬಿಸಿಲಲ್ಲೇ ತೆಗೆಯಬೇಕಾಗಿ ಬಂದರೆ ನೆರಳಿನ ಕಡೆ ಸ್ವಲ್ಪ ದೂರದಲ್ಲಿ ಬಿಳಿಯ ಬಟ್ಟೆ ಹಿಡಿದು ಬೆಳಕನ್ನು ಹಿಂದಕ್ಕೆ ತಿರುಗಿಸಬೇಕು ಎನ್ನುತ್ತಾನೆ. ಇವತ್ತು ಮದುವೆಮನೆಯ ಫೋಟೊಗ್ರಾಫರ್‌ನ ಹುಡುಗ ಹಿಡಿದು ನಿಲ್ಲುವ ಬೆಳ್ಳಿಬಣ್ಣದ ತಟ್ಟೆಯ ಮುತ್ತಜ್ಜ ಅದೇ ಬಟ್ಟೆ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ 1854ರಲ್ಲಿ ರೋಜರ್ ಫೆಂಟನ್‌ನನ್ನು ಫೋಟೊಗ್ರಾಫರ್ ಆಗಿ ನೇಮಿಸಿಕೊಂಡಾಗ ಅವನಿಗಾಗಿ ಚಾವಣಿಯ ಮೇಲೆ ಗಾಜಿನ ಕೋಣೆ ಕಟ್ಟಬೇಕಾಯಿತು. ಕೆಳಗೆ ಬೆಳಕಿರಲಿಲ್ಲ. ಬೆಂಕಿಯ ಭಯಕ್ಕೆ ಆ ಮ್ಯೂಸಿಯಂನವರು ದೀಪ ಹಚ್ಚಿದವರೇ ಅಲ್ಲ. ಚಳಿಗಾಲದ ಮಂಜು ಕವಿದರೆ ಬಾಗಿಲು ಮುಚ್ಚುತ್ತಿದ್ದರು. ಗ್ಯಾಲರಿಗಳಿಗೆ ವಿದ್ಯುತ್ ದೀಪ ಬಂದದ್ದು 1890ರಲ್ಲಿ. ಹೊರಿಸಬಹುದಾದ ವಸ್ತು ಮಹಡಿ ಹತ್ತಿ ಗಾಜಿನ ಕೋಣೆಗೆ ಬರುತ್ತಿತ್ತು. ಹೊರಿಸಲಾಗದ ದೊಡ್ಡ ಮೂರ್ತಿಗಳಿಗೆ ಗ್ಯಾಲರಿಯ ಸೂರಿನಿಂದ ಸೋರಿದಷ್ಟೇ ಬೆಳಕು.

ಮದ್ರಾಸಿನ ಕಷ್ಟ ಇದಕ್ಕೆ ತಿರುಗುಮುರುಗು. ಅಲ್ಲಿ ಬಿಸಿಲಿಗೇನೂ ಬರವಿಲ್ಲ.

ಅಲ್ಲಿ ಕ್ಯಾಮೆರಾ ಹಿಡಿದವನು ಲಿನೀಯಸ್ ಟ್ರೈಪ್, ಕಂಪನಿಯ ಮದ್ರಾಸ್ ಸೇನೆಯ ಕ್ಯಾಪ್ಟನ್. ಅವನ ಕಸುಬೂ ಕುದುರಿದ್ದು ಕನ್ನಡನಾಡಿನಲ್ಲಿ. 1854ರ ಕೊನೆಗೆ ಬೆಂಗಳೂರಿನಿಂದ ಹೊರಟು ಹಳೇಬೀಡು, ಬೇಲೂರುಗಳಿಗೆ ಹೋಗಿ ಹೊಯ್ಸಳರ ಗುಡಿಗಳ ಚಿತ್ರ ತೆಗೆದ. ಮುಂದಿನ ವರ್ಷ ಮದ್ರಾಸಿನ ಪ್ರದರ್ಶನದಲ್ಲಿ 68 ಚಿತ್ರಗಳನ್ನಿಟ್ಟು ಮೊದಲ ದರ್ಜೆಯ ಪದಕ ಗೆದ್ದ. ಅದೇ ಗುಡಿಗಳನ್ನು ಆಂಡ್ರ್ಯೂ ನೀಲ್ ಎಂಬ ಸೇನಾ ವೈದ್ಯನೂ ತೆಗೆದಿದ್ದ. ಬಳಪದ ಕಲ್ಲಿನ ಮೈ ಕಪ್ಪು, ಕೆತ್ತನೆ ಬಲು ಆಳ. ಬಿಸಿಲು ಒಂಚೂರು ಜಾಸ್ತಿಯಾದರೆ ನೆರಳು ಮಸಿಯಾಗುತ್ತದೆ, ಕಡಿಮೆಯಾದರೆ ಗೋಡೆಯೇ ಮಸಿ. ಹಳೇಬೀಡಿನಲ್ಲಿ ಕೈ ಪಳಗಿದವನಿಗೆ ಉಳಿದ ಕಲ್ಲು ಸುಲಭ ಎಂದರೆ ತಪ್ಪಾಗಲಿಕ್ಕಿಲ್ಲ.

ಆಗ ಟ್ರೈಪ್ ನೆಚ್ಚಿದ್ದು ಮೇಣ ಸವರಿದ ಕಾಗದದ ನೆಗೆಟಿವ್. ಗಾಜಿನ ಮೇಲೆ ಹಸಿ ದ್ರಾವಣ ಸುರಿದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಾದ ಪದ್ಧತಿ ನಮ್ಮ ಸೆಖೆಗೆ ಒಗ್ಗುತ್ತಿರಲಿಲ್ಲ. ಕಾಗದವಾದರೆ ಮೊದಲೇ ಸಿದ್ಧಮಾಡಿ ಗಾಡಿಯಲ್ಲಿ ಒಯ್ಯಬಹುದು. ಬೆಲೆಯೇನೆಂದರೆ ನಿಮಿಷಗಟ್ಟಲೆ ಕಾಯಬೇಕು. ಅಷ್ಟು ಹೊತ್ತಿನಲ್ಲಿ ಸೂರ್ಯ ಸ್ವಲ್ಪ ಜರುಗಿರುತ್ತಾನೆ, ಮರದ ಎಲೆ ಅಲುಗಿರುತ್ತದೆ, ದಾರಿಹೋಕರು ಹಾದುಹೋದರೂ ಚಿತ್ರದಲ್ಲಿ ಮೂಡುವುದಿಲ್ಲ. ಉಳಿಯುವುದು ಕಲ್ಲು ಮಾತ್ರ. ಆ ಕಾಲದ ಗುಡಿಯ ಚಿತ್ರಗಳಲ್ಲಿ ಊರೇ ಬಿಟ್ಟುಹೋದಂತಹ ಮೌನವಿರುವುದಕ್ಕೆ ಅರ್ಧ ಕಾರಣ ಇದೇ.

1855ರಲ್ಲಿ ಬರ್ಮಾದ ಅರಸನಲ್ಲಿಗೆ ಹೋದ ರಾಯಭಾರದ ಜತೆ ಟ್ರೈಪ್ ಹೋಗಿಬಂದ. ಆಮೇಲೆ ಮದ್ರಾಸ್ ಸರ್ಕಾರ ಅವನನ್ನು ತನ್ನ ಫೋಟೊಗ್ರಾಫರ್ ಆಗಿ ನೇಮಿಸಿತು. ಶ್ರೀರಂಗ, ಮದುರೆ, ತಂಜಾವೂರು ಸುತ್ತಿದ. ತಂಜಾವೂರಿನ ಬೃಹದೀಶ್ವರನ ಗುಡಿಯಲ್ಲಿ ಅವನು ಮಾಡಿದ ಕೆಲಸ ಹುಚ್ಚುಸಾಹಸವೇ ಸರಿ. ಅಧಿಷ್ಠಾನದ ಸುತ್ತ ಕೊರೆದಿರುವ ಶಾಸನವನ್ನು ತುಂಡು ತುಂಡಾಗಿ ತೆಗೆದು, 21 ಪ್ರತಿಗಳನ್ನು ಅಂಟಿಸಿ, ಸುಮಾರು 19 ಅಡಿ ಉದ್ದದ ಒಂದೇ ಸುರುಳಿಯನ್ನು ಮಾಡಿದ. ಅಕ್ಷರ ಓದಲು ಬರುವಂತಾಗಬೇಕಾದರೆ ಬಿಸಿಲು ಓರೆಯಾಗಿರಬೇಕು. ಗೋಡೆಯ ಒಂದೊಂದು ಭಾಗಕ್ಕೂ ಆ ಓರೆ ಒದಗುವ ಹೊತ್ತು ಬೇರೆ.

ತಿರುಗಾಟ ಮುಗಿಸಿ ಬಂದವನಿಗೆ 1858ರ ಬೇಸಿಗೆಯಲ್ಲಿ ಮ್ಯೂಸಿಯಂನ ಕಲ್ಲುಗಳ ಕೆಲಸ ಸಿಕ್ಕಿತು. ಸರ್ಕಾರಕ್ಕೆ ಬೇಕಾಗಿದ್ದದ್ದು ದಾಖಲೆ, ಅಷ್ಟೆ. ಮದ್ರಾಸಿನ ಬೇಸಿಗೆಯ ಆಕಾಶದಡಿ ಟ್ರೈಪ್‌ಗೆ ಬೇರೆ ದೀಪದ ಹಂಗಿರಲಿಲ್ಲ. ದೊಡ್ಡ ಫಲಕಕ್ಕೆ ಒಂದು ಚಿತ್ರ, ಚೂರುಗಳನ್ನು ಒಟ್ಟಿಗೆ ಗುಡ್ಡೆಹಾಕಿ ಒಂದು ಚಿತ್ರ, ಒಂದೊಂದಕ್ಕೂ ಅಂಕಿ. ಮುರಿದ ಅಂಚು, ಮಳೆಗೆ ಸವೆದ ಮೂಗು, ಅರ್ಧವೇ ಉಳಿದ ಕಮಲ ಎಲ್ಲ ಹಾಗೆಯೇ ಇವೆ. ಈ ಚಿತ್ರಗಳ ಆಲ್ಬಮ್ ಬಗ್ಗೆ ಬರೆಯುವವರು ಟ್ರೈಪ್‌ನ ಮದುರೆ, ಬರ್ಮಾದ ಚಿತ್ರಗಳನ್ನು ಕೊಂಡಾಡಿ ಇದನ್ನು ಒಣ ದಾಖಲೆ ಎಂದು ಪಕ್ಕಕ್ಕಿಡುವುದುಂಟು. ಆದರೆ ಶತಮಾನಗಟ್ಟಲೆ ಮಣ್ಣಿನಲ್ಲಿದ್ದ ಆ ಕೆತ್ತನೆಗೆ ಅದು ಹುಟ್ಟಿದ ಬಗೆಯ ಬೆಳಕು ಸಿಕ್ಕು, ಅದೇ ಗಳಿಗೆಯಲ್ಲಿ ಕಾಗದದ ಮೇಲೂ ನಿಂತದ್ದು ಅಲ್ಲಿ. ಆಮೇಲೆ ಅಂಥ ಯೋಗ ಆ ಕಲ್ಲುಗಳಿಗೆ ಹೆಚ್ಚು ಕೂಡಿಬರಲಿಲ್ಲ.

1859ರಲ್ಲಿ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲಿಯನ್‌ಗೆ ಸರ್ಕಾರದ ಖರ್ಚಿನಲ್ಲಿ ಫೋಟೊ ಎಂಬುದು ದುಂದುಗಾರಿಕೆಯಾಗಿ ಕಂಡಿತು. ಸಿಪಾಯಿ ದಂಗೆಯ ನಂತರ ಬೊಕ್ಕಸ ಬರಿದಾಗಿತ್ತು, ಅವನನ್ನು ಪೂರ್ತಿ ದೂರುವಂತಿಲ್ಲ. ಟ್ರೈಪ್ ಬಂದೂಕಿನ ಕೆಲಸಕ್ಕೆ ಮರಳಿದ. ಅದೇ ವರ್ಷ 121 ಕಲ್ಲುಗಳನ್ನು ಹಡಗು ಹತ್ತಿಸಿ ಲಂಡನ್ನಿಗೆ ಕಳಿಸಿದರು.

ಲಂಡನ್ನಿನಲ್ಲೂ ಅವು ಬೇಡದ ನೆಂಟರೇ. ಮೊದಲು ಥೇಮ್ಸ್ ನದಿಯ ಕಟ್ಟೆಯ ಗೋದಾಮು, ಆಮೇಲೆ ವೈಟ್‌ಹಾಲ್‌ನ ಫೈಫ್ ಹೌಸ್. ಇಂಡಿಯಾ ಮ್ಯೂಸಿಯಂ ಅಲ್ಲಿತ್ತು, ಆದರೆ ಇಷ್ಟು ಭಾರದ ಕಲ್ಲಿಗೆ ಒಳಗೆ ಜಾಗವಿರಲಿಲ್ಲ. ಕೆಲವನ್ನು ಹೊರಗೋಡೆಗೆ ಕೂರಿಸಿದರು, ಮಿಕ್ಕವು ಸಾರೋಟು ನಿಲ್ಲಿಸುವ ಕೊಟ್ಟಿಗೆ ಸೇರಿದವು. ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ 1867ರ ಪ್ಯಾರಿಸ್ ಪ್ರದರ್ಶನಕ್ಕೆಂದು ಹಿಂದೂಸ್ತಾನದ ಕಟ್ಟಡಗಳ ಸುಮಾರು 500 ಫೋಟೊ ಒಟ್ಟುಮಾಡುತ್ತಿದ್ದ. ಆ ಓಡಾಟದಲ್ಲೇ ಅವನಿಗೆ ಕೊಟ್ಟಿಗೆಯ ಸುಳಿವು ಸಿಕ್ಕಿತು. ಇವನೂ ನಮಗೆ ಪರಕೀಯನಲ್ಲ. ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಫೋಟೊಗಳಿಗೆ ಮೆಡೋಸ್ ಟೇಲರ್ ಜತೆ ಸೇರಿ ಬರಹ ಒದಗಿಸಿ 1866ರಲ್ಲಿ ದೊಡ್ಡ ಪುಸ್ತಕ ತಂದವನು. ಅದರಲ್ಲಿ ನೀಲ್ ತೆಗೆದ ಹಳೇಬೀಡಿನ ಚಿತ್ರಗಳೂ ಇವೆ.

ಫರ್ಗುಸನ್ ಹೂಡಿದ ಉಪಾಯ ಚೆನ್ನಾಗಿತ್ತು. ಟನ್ನುಗಟ್ಟಲೆ ಕಲ್ಲನ್ನು ಎತ್ತಿಳಿಸಿ ಜೋಡಿಸುವುದು ಆಗದ ಮಾತು. ಮ್ಯೂಸಿಯಂನ ವಿಲಿಯಂ ಗ್ರಿಗ್ಸ್‌ನಿಂದ ಎಲ್ಲ ತುಂಡುಗಳ ಫೋಟೊಗಳನ್ನೂ ಒಂದೇ ಅಳತೆಯಲ್ಲಿ ತೆಗೆಸಿದ. ಆಮೇಲೆ ಆ ಕಾಗದಗಳನ್ನು ಹರಡಿಕೊಂಡು, ಮಕ್ಕಳು ಚಿತ್ರದ ತುಣುಕು ಹೊಂದಿಸುವ ಹಾಗೆ, ಈ ಕಂಬಕ್ಕೆ ಆ ಅಡ್ಡಪಟ್ಟಿ, ಆ ಪಟ್ಟಿಯ ಮೇಲೆ ಈ ಹೂಮಾಲೆ ಎಂದು ವಾರಗಟ್ಟಲೆ ಕೂತು ಕೂಡಿಸಿದ. ಅಮರಾವತಿಯ ಕಟಕಟೆ ಹೇಗಿದ್ದಿರಬೇಕು ಎನ್ನುವುದು ಮೊದಲು ರೂಪ ತಳೆದದ್ದು ಕಲ್ಲಿನಲ್ಲಲ್ಲ, ಫೋಟೊ ಕಾಗದದಲ್ಲಿ. 1868ರಲ್ಲಿ ಸಾಂಚಿ ಮತ್ತು ಅಮರಾವತಿಯನ್ನು ಕುರಿತ ಅವನ ಪುಸ್ತಕ ಬಂದ ಮೇಲೆ ಕೊಟ್ಟಿಗೆಯ ಕಲ್ಲಿಗೆ ಮರ್ಯಾದೆ ಬಂತು. ಅವನ ಕೆಲವು ಊಹೆಗಳನ್ನು ಮುಂದಿನವರು ತಿದ್ದಿದರು, ಅದು ಬೇರೆ ಮಾತು.

1880ರಲ್ಲಿ ಕಲ್ಲುಗಳು ಬ್ರಿಟಿಷ್ ಮ್ಯೂಸಿಯಂ ಸೇರಿದವು. ದೊಡ್ಡ ಮೆಟ್ಟಿಲಿನ ಪಕ್ಕ ಗಾಜಿನ ಹಿಂದೆ ಕೆಲವು ದಶಕ ನಿಂತು, ಆಮೇಲೆ ನೆಲಮಾಳಿಗೆಗೆ ಇಳಿದವು. ಮತ್ತೆ ಜನರ ಕಣ್ಣಿಗೆ ಬಿದ್ದದ್ದು 1992ರಲ್ಲಿ, ಹವೆ ಹತೋಟಿಯಲ್ಲಿಟ್ಟ ಪ್ರತ್ಯೇಕ ಕೋಣೆಯಲ್ಲಿ. ಲಂಡನ್ನಿನ ಹೊಗೆಗೆ ಸುಣ್ಣಕಲ್ಲು ಕರಗುತ್ತದೆ, ಗಾಜು ಬೇಕೇ ಬೇಕು. ಅದರ ಬಗ್ಗೆ ತಕರಾರಿಲ್ಲ. ಆದರೆ ಅಲ್ಲಿರುವ ಒಂದು ಫಲಕದ ಕಥೆ ಕೇಳಿ. ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಅದರ ಒಂದು ಮೈಗೆ ಬೋಧಿವೃಕ್ಷ, ಬರಿದಾದ ಪೀಠ, ಕೈಮುಗಿದ ಭಕ್ತರನ್ನು ಕೆತ್ತಿದರು. ಸುಮಾರು ಮುನ್ನೂರು ವರ್ಷ ಕಳೆದ ಮೇಲೆ ಇನ್ಯಾರೋ ಅದನ್ನು ತಿರುಗಿಸಿ ಬೆನ್ನಿಗೆ ಇಡೀ ಸ್ತೂಪದ ಚಿತ್ರ ಕೆತ್ತಿದರು. ಈಗ ಗಾಜಿನ ಮುಂದೆ ಮುಗಿಬೀಳುವ ಜನ ನೋಡುವುದು ಸ್ತೂಪವನ್ನು, ಹಳೆಯ ಮೈ ಹಿಂದೆ ಸರಿದಿದೆ. ಲಂಡನ್ನಿನಲ್ಲಿ ಹಿಂದೆ ಸರಿಯಿತು, ಅಷ್ಟೆ. ಮದ್ರಾಸಿನಲ್ಲಿ ಉಳಿದಿದ್ದ ಹಾಗೂ 1881ರ ನಂತರ ಜೇಮ್ಸ್ ಬರ್ಜೆಸ್ ಅಗೆಸಿ ಕಳಿಸಿದ ಫಲಕಗಳಲ್ಲಿ ಅನೇಕವನ್ನು ಗೋಡೆಗೇ ಗಾರೆ ಹಾಕಿ ಕೂರಿಸಿದ್ದರು. ಗೋಡೆ ಸೇರಿದ ಕಲ್ಲಿಗೆ ಬೆನ್ನೂ ಇಲ್ಲ, ಬೆಳಕಿನ ಕಡೆ ತಿರುಗುವ ಅವಕಾಶವೂ ಇಲ್ಲ.

ಮದ್ರಾಸಿನ ಬಾಲ್ಫರ್ ಮುಂದೆ ಬೆಂಗಳೂರಿಗೂ ಬಂದ. 1865ರಲ್ಲಿ ಇಲ್ಲಿನ ಸರ್ಕಾರಿ ಮ್ಯೂಸಿಯಂ ಹುಟ್ಟಿದ್ದರ ಹಿಂದೆ ಅವನ ಒತ್ತಾಸೆಯಿತ್ತು. ಅದೇ 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಇನ್ನೊಬ್ಬ ಸೇನಾಧಿಕಾರಿ ಚಿತ್ರದುರ್ಗ, ದಾವಣಗೆರೆ, ಹರಿಹರ, ಬಳ್ಳಿಗಾವೆಗಳನ್ನು ಸುತ್ತಿ ಸುಮಾರು 150 ಶಾಸನಗಳ ಫೋಟೊ ತೆಗೆದ. ಅವುಗಳನ್ನು ಓದಿಕೊಡುವ ಕೆಲಸ ಬಿ. ಎಲ್. ರೈಸ್ ಪಾಲಿಗೆ ಬಂತು. 1879ರಲ್ಲಿ ಅವರ ಮೈಸೂರು ಶಾಸನಗಳ ಸಂಪುಟ ಹೊರಬಂತು. ಎಪಿಗ್ರಾಫಿಯಾ ಕರ್ನಾಟಿಕದ ದೊಡ್ಡ ಸಾಲು ಅದರ ಬೆನ್ನಿಗೇ ಬಂದದ್ದು. ಕನ್ನಡದ ಶಾಸನಶಾಸ್ತ್ರ ಬಿಸಿಲಿನಲ್ಲಿ ತೆಗೆದ ಒಂದು ಕಟ್ಟು ಫೋಟೊಗಳಿಗೆ ಹೀಗೆ ಋಣಿ.

ಕಲ್ಲು ಓದುವವರಿಗೆ ಬಿಸಿಲಿನ ಮಾತನ್ನು ಹೊಸದಾಗಿ ಹೇಳಬೇಕಿಲ್ಲ. ನಡುಹಗಲಲ್ಲಿ ಬೋಳಾಗಿ ಕಾಣುವ ವೀರಗಲ್ಲು ಬೆಳಿಗ್ಗೆ ಏಳೂವರೆಗೆ ಬೇರೆಯೇ. ಸೂರ್ಯ ಇನ್ನೂ ತಗ್ಗಿನಲ್ಲಿದ್ದು ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಗುವಾಗ ಕೆಳಪಟ್ಟಿಯ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತವನು ಒಬ್ಬೊಬ್ಬರಾಗಿ ಎದ್ದುಬರುತ್ತಾರೆ. ಮ್ಯೂಸಿಯಂಗಳ ಅಂಗಳದಲ್ಲಿ, ಕಾಂಪೌಂಡಿಗೆ ಒರಗಿಸಿಟ್ಟ ಇಂಥ ಕಲ್ಲುಗಳನ್ನು ದಾಟಿಕೊಂಡೇ ಜನ ಒಳಗಿನ ದೀಪದ ಕಡೆ ನಡೆಯುತ್ತಾರೆ. ಫೋಟೊ ತೆಗೆಯುವವರಿಗೆ ಮಾತ್ರ ಅಂಗಳವೇ ಲೇಸು. ಒಂದು ಬಿಳಿ ಪಂಚೆ, ಅದರ ಎರಡು ತುದಿ ಹಿಡಿಯಲು ಒಬ್ಬ ಗೆಳೆಯ, ತಾಸೆರಡು ತಾಸಿನ ತಾಳ್ಮೆ ಇದ್ದರೆ ಆಯಿತು, ಟಾಲ್ಬಟ್ ಹೇಳಿದ್ದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಪಂಚೆಯನ್ನು ತೀರ ಹತ್ತಿರ ತಂದರೆ ನೆರಳು ಸತ್ತುಹೋಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕುದುರೆಯ ಕಿವಿ ಕಾಣುತ್ತದೆ.

ಬೆಂಗಳೂರಿನ ಮ್ಯೂಸಿಯಂಗೆ ಮಂಡ್ಯ ಕಡೆಯ ಆತಕೂರಿನಿಂದ ಬಂದ ಒಂದು ಕಲ್ಲಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ್ದು, ಕ್ರಿಸ್ತಶಕ 949–50ರ ಸುಮಾರಿನದು. ತಕ್ಕೋಲದ ಕಾಳಗದಲ್ಲಿ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸುದ್ದಿ ಅದರಲ್ಲಿದೆ, ಇತಿಹಾಸಕಾರರಿಗೆ ಬೇಕಾದದ್ದು ಅದು. ಆದರೆ ಕಲ್ಲು ನೆಟ್ಟದ್ದು ಒಂದು ನಾಯಿಗಾಗಿ. ವೀರ ಮಣಲೇರ ತನ್ನ ಒಡೆಯನಲ್ಲಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಹಂದಿಗಳ ಆ ಜಟಾಪಟಿಯ ಉಬ್ಬುಶಿಲ್ಪವಿದೆ. ಆ ಕಲ್ಲಿಗೆ ಭೂಮಿ ಬಿಟ್ಟದ್ದನ್ನು ಹೇಳುವ ಶಾಸನ, ಅಲ್ಲಿನ ಗೊರವ, ಎಂದರೆ ಶಿವನ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆ ಎಂದೂ ಸೇರಿಸುತ್ತದೆ. ಹೂ ಏರಿಸಲು ಬಂದ ಗೊರವ ದಿನಾ ನೋಡುತ್ತಿದ್ದ ಕಾಳಿ ಆತಕೂರಿನ ಬೆಳಗಿನ ಕಾಳಿ. ಮ್ಯೂಸಿಯಂನಲ್ಲಿ ಅದನ್ನು ನೋಡಬೇಕೆಂದರೆ ಕಲ್ಲಿನ ನೇರ ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿದು, ಕಣ್ಣನ್ನು ಕಲ್ಲಿನ ಮೈಗೆ ಓರೆಯಾಗಿಟ್ಟುಕೊಂಡು, ಕಿಟಕಿಯ ಕಡೆಯಿಂದ ಬರುವ ಬೆಳಕಿಗಾಗಿ ತುಸು ಹೊತ್ತು ಕಾಯಬೇಕು. ಮೊದಲು ಹಂದಿಯ ಬೆನ್ನು ಮೇಲೇಳುತ್ತದೆ, ಆಮೇಲೆ ಅದಕ್ಕೆ ಕಚ್ಚಿಕೊಂಡ ನಾಯಿ.